ಕಾರವಾರದಿಂದ ಒಂದು ದಿನ: ಹಳೆ ಗೋವಾದ ಸೇ ಕೆಥೆಡ್ರಲ್

ಕಾರವಾರದವರಿಗೆ ಗೋವಾ ಪರಸ್ಥಳವೆಂದು ಅನ್ನಿಸುವುದೇ ಇಲ್ಲ. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿಯ ತನಿಖಾ ಠಾಣೆ ದಾಟಿದರೆ ಗೋವಾದ ಗಡಿಯ ಪೋಳೆಂ ಬಂದೇಬಿಡುತ್ತದೆ. ಮದುವೆಯ ಜವಳಿಗೆ ಮಡಗಾಂವ್, ಕುಲದೇವರ ದರ್ಶನಕ್ಕೆ ಫೋಂಡಾ ಎಂದು ವರ್ಷಕ್ಕೆ ನಾಲ್ಕಾರು ಸಲ ಹೋಗಿಬರುವವರು ನಮ್ಮಲ್ಲಿ ಮನೆಗೊಬ್ಬರಾದರೂ ಇದ್ದಾರೆ. ಇಷ್ಟು ಓಡಾಟದ ನಡುವೆಯೂ ಹಳೆ ಗೋವಾ ಎಂದರೆ ಅರ್ಧ ಗಂಟೆಯ ನಿಲುಗಡೆ ಎಂಬ ರೂಢಿ ಉಳಿದುಬಂದಿದೆ. ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಬೆಳ್ಳಿಯ ಪೆಟ್ಟಿಗೆಯನ್ನು ದೂರದಿಂದ ನೋಡಿ, ಅಂಗಳದಲ್ಲಿ ಒಂದು ಫೋಟೋ ತೆಗೆಸಿಕೊಂಡು, ರಸ್ತೆಯಾಚೆಯ ದೊಡ್ಡ ಬಿಳಿ ಇಗರ್ಜಿಗೆ ಹತ್ತು ನಿಮಿಷ ಕೊಟ್ಟು ಪಣಜಿಗೆ ಹೊರಟುಬಿಡುತ್ತೇವೆ. ನಾನೂ ಹಿಂದೆ ಮೂರು ಸಲ ಹೀಗೆಯೇ ಮಾಡಿದ್ದೆ. ಈ ಸಲ ಆ ಬಿಳಿ ಇಗರ್ಜಿಗೇ, ಅಂದರೆ ಸೇ ಕೆಥೆಡ್ರಲ್‌ಗೇ, ಬೆಳಗಿನ ಮೂರು ತಾಸನ್ನು ಮೀಸಲಿಟ್ಟೆವು. ಒಂದು ದಿನದ ಮಟ್ಟಿಗೆ ಹೋಗಿಬರುವವರು ಇದನ್ನೇ ಮೊದಲು ನೋಡಬೇಕು, ನಿಧಾನವಾಗಿ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಾವು ಹೊರಟದ್ದು ಮೂವರು: ನಾನು, ನನ್ನ ಆಯಿ ಮತ್ತು ನೆರೆಮನೆಯ ಅಕ್ಕೋರು. ಅಕ್ಕೋರು ನಿವೃತ್ತ ಶಿಕ್ಷಕಿ, ಕ್ರೈಸ್ತರು. ನನಗೆ ಮಗ್ಗಿ ಕಲಿಸಿದವರು. ಬಾಡಿಗೆ ಕಾರಿನಲ್ಲಿ ಬೆಳಗಿನ ಜಾವ ಐದಕ್ಕೆ ಬಿಟ್ಟೆವು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಣಕೋಣ, ಕುಂಕಳ್ಳಿ, ಮಡಗಾಂವ್, ಅಲ್ಲಿಂದ ಬೋರಿ ಸೇತುವೆಯ ಮೇಲೆ ಫೋಂಡಾ, ಬಳಿಕ ಹಳೆ ಗೋವಾ. ಒಟ್ಟು ಸುಮಾರು 100 ಕಿಲೋಮೀಟರ್ ಹಾದಿ. ಆಯಿ ಒಂದೇ ಷರತ್ತು ಹಾಕಿದ್ದರು: ದಾರಿಯಲ್ಲೇ ಮಂಗೇಶಿ ಇರುವಾಗ ದೇವರಿಗೆ ಕೈಮುಗಿಯದೆ ಮುಂದೆ ಹೋಗಬಾರದು. ಅದೇನೂ ತೊಂದರೆಯ ಮಾತಾಗಿರಲಿಲ್ಲ. ಮಂಗೇಶಿಯಿಂದ ಹಳೆ ಗೋವಾಕ್ಕೆ ಅರ್ಧ ಗಂಟೆಯೂ ಬೇಡ.

ಆದರೆ ಆ ಷರತ್ತಿನಿಂದಲೇ ನಮ್ಮ ಪ್ರವಾಸಕ್ಕೆ ಒಂದು ತೂಕ ಬಂತು. ಮಂಗೇಶ ದೇವರ ಮೂಲಸ್ಥಾನ ಜುವಾರಿ ನದಿಯ ದಂಡೆಯ ಕುಶಸ್ಥಳಿ, ಇಂದಿನ ಕುಠ್ಠಾಳಿ. ಪೋರ್ಚುಗೀಸರ ಆಳ್ವಿಕೆಯಲ್ಲಿ ದೇವಾಲಯಗಳು ನಾಶವಾಗತೊಡಗಿದಾಗ ಭಕ್ತರು 1560ರಲ್ಲಿ ಲಿಂಗವನ್ನು ಅಲ್ಲಿಂದ ಸಾಗಿಸಿ, ಇಂದಿನ ಮಂಗೇಶಿ ದೇವಾಲಯವಿರುವ ಪ್ರಿಯೋಳದಲ್ಲಿ ಪ್ರತಿಷ್ಠಾಪಿಸಿದರು. ಸೇ ಕೆಥೆಡ್ರಲ್‌ನ ಕಟ್ಟಡ ಕೆಲಸ ಆರಂಭವಾದದ್ದು 1562ರಲ್ಲಿ, ಪೋರ್ಚುಗಲ್ಲಿನ ದೊರೆ ದೋಂ ಸೆಬಾಸ್ಟಿಯಾಂವನ ಕಾಲದಲ್ಲಿ. ನಡುವಿನ ಅಂತರ ಎರಡೇ ವರ್ಷ. ಒಂದು ದೇವರು ರಾತ್ರೋರಾತ್ರಿ ನದಿ ದಾಟಿ ಹೋದ ಕಾಲದಲ್ಲಿಯೇ ಇನ್ನೊಂದು ದೇವರಿಗೆ ಅಷ್ಟು ದೊಡ್ಡ ಮನೆಯ ಅಡಿಪಾಯ ಬಿತ್ತು ಎಂಬುದನ್ನು ಮಂಗೇಶಿಯ ದೀಪಸ್ತಂಭದ ಬಳಿ ನಿಂತು ಆಯಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅದನ್ನೂ ಸರಿಯಾಗಿ ನೋಡಬೇಕು" ಎಂದರು. ನಮ್ಮ ಕರಾವಳಿಯ ಅನೇಕ ಕೊಂಕಣಿ ಮನೆತನಗಳು, ಸಾರಸ್ವತರೂ ಕ್ರೈಸ್ತರೂ, ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವು. ಆದ್ದರಿಂದ ಈ ಇಗರ್ಜಿಯ ಇತಿಹಾಸ ನಮ್ಮದೇ ಮನೆಯ ಇತಿಹಾಸದ ಇನ್ನೊಂದು ಮಗ್ಗುಲು ಎಂದು ನಾನು ತಿಳಿಯುತ್ತೇನೆ.

ಎಂಟೂವರೆಗೆ ಹಳೆ ಗೋವಾ ತಲುಪಿದಾಗ ಪ್ರವಾಸಿ ಬಸ್ಸುಗಳು ಇನ್ನೂ ಬಂದಿರಲಿಲ್ಲ. ವಿಶಾಲವಾದ ಹುಲ್ಲುಹಾಸಿನ ಆಚೆ ಸುಣ್ಣ ಬಳಿದ ಆ ಕಟ್ಟಡ ಒಂಟಿಯಾಗಿ ನಿಂತಿತ್ತು. ಉದ್ದ 76 ಮೀಟರ್, ಅಗಲ 55 ಮೀಟರ್, ಮುಖಭಾಗದ ಎತ್ತರ 35 ಮೀಟರ್. ಅಂಕಿಗಳನ್ನು ಓದಿಕೊಂಡೇ ಹೋಗಿದ್ದರೂ ಬಾಗಿಲ ಬಳಿ ನಿಂತ ಅಕ್ಕೋರು ಎಷ್ಟು ಚಿಕ್ಕದಾಗಿ ಕಂಡರೆಂಬುದನ್ನು ನೋಡಿದಾಗಲೇ ಅದರ ಗಾತ್ರ ನನ್ನ ಅಂದಾಜಿಗೆ ಸಿಕ್ಕಿತು. ಮುಖ್ಯ ಕಟ್ಟಡ ಮುಗಿದದ್ದು 1619ರಲ್ಲಿ, ಪವಿತ್ರೀಕರಣ ಆದದ್ದು 1640ರಲ್ಲಿ, ಒಳಗಿನ ಬಲಿಪೀಠಗಳು ಪೂರ್ಣಗೊಂಡದ್ದು 1652ರಲ್ಲಿ. ಹಾಗೆ ನೋಡಿದರೆ ಮೂರು ತಲೆಮಾರಿನ ಕೆಲಸ. ಕಲ್ಲು ನಮ್ಮ ಮನೆಗಳ ಗೋಡೆಯದೇ, ಚಿರೆಕಲ್ಲು. ಆ ಕೆಂಪು ಕಲ್ಲಿಗೆ ಸುಣ್ಣದ ಗಾರೆ ಮೆತ್ತಿ ಬಿಳಿ ಬಳಿದು ಮಳೆಯಿಂದ ಕಾಪಾಡಿದ್ದಾರೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಗಾರೆಯಿಲ್ಲದ ಚಿರೆಕಲ್ಲು ಎಷ್ಟು ಬೇಗ ಸವೆಯುತ್ತದೆಂಬುದು ಕಾರವಾರದ ಯಾವ ಗೌಂಡಿಯನ್ನು ಕೇಳಿದರೂ ತಿಳಿಯುತ್ತದೆ.

ಕಟ್ಟಡದ ಮುಖ ಇಂದು ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಎರಡು ಗೋಪುರಗಳಲ್ಲಿ ಉತ್ತರದ್ದು 1776ರಲ್ಲಿ ಕುಸಿಯಿತು; ಅದನ್ನು ಮತ್ತೆ ಕಟ್ಟಲಿಲ್ಲ. ಆ ಹೊತ್ತಿಗೆ ಮತ್ತೆ ಕಟ್ಟುವಷ್ಟು ಜನವೂ ಊರಿನಲ್ಲಿ ಉಳಿದಿರಲಿಲ್ಲ. ಒಂದು ಕಾಲದಲ್ಲಿ ಏಷ್ಯಾದ ಶ್ರೀಮಂತ ನಗರಗಳಲ್ಲಿ ಒಂದಾಗಿದ್ದ ಇದು ಮಲೇರಿಯಾ, ಕಾಲರಾಗಳಿಂದ ಬರಿದಾಗುತ್ತ ಬಂದು, 1843ರಲ್ಲಿ ರಾಜಧಾನಿಯ ಪಟ್ಟವೂ ಅಧಿಕೃತವಾಗಿ ಪಣಜಿಗೆ ಹೋಯಿತು. ಉಳಿದಿರುವ ದಕ್ಷಿಣದ ಗೋಪುರದಲ್ಲಿ ಗೋವಾದ ಅತಿ ದೊಡ್ಡ ಗಂಟೆ ಇದೆ. ಅದಕ್ಕೆ ಚಿನ್ನದ ಗಂಟೆ ಎಂದು ಹೆಸರು.

ಗಂಟೆಯ ವಿಷಯಕ್ಕೆ ಒಂದು ಬೇಸರದ ಸಂಗತಿ ಹೇಳಬೇಕು. ಹೊರಗಡೆ ನಮ್ಮನ್ನು ಹಿಡಿದ ಒಬ್ಬ ಮಾರ್ಗದರ್ಶಿ ಮುಂಗಡವಾಗಿಯೇ ಹಣ ಪಡೆದು, ಗಂಟೆಯನ್ನು ಅಪ್ಪಟ ಚಿನ್ನದಿಂದ ಎರಕ ಹೊಯ್ದದ್ದೆಂದೂ ಅದಕ್ಕಾಗಿಯೇ ಮೇಲೆ ಬೀಗ ಹಾಕಿದ್ದಾರೆಂದೂ ಹೇಳಿದರು. ಆ ಹೆಸರು ಬಂದದ್ದು ಅದರ ನಾದದ ಇಂಪಿನಿಂದ, ಲೋಹದಿಂದಲ್ಲ. ಅಕ್ಕೋರು ತರಗತಿಯಲ್ಲಿ ತಿದ್ದುವ ದನಿಯಲ್ಲಿಯೇ ಅವರನ್ನು ತಿದ್ದಿದರು. ಹದಿನೈದು ನಿಮಿಷದಲ್ಲಿ ಎಲ್ಲವನ್ನೂ ಮುಗಿಸಿಬಿಡುವ ಆತುರ ಅವರಲ್ಲಿದ್ದುದರಿಂದ ನಾವೇ ಅವರನ್ನು ಬೀಳ್ಕೊಟ್ಟೆವು. ಅವರು ಹೇಳಬೇಕಾಗಿದ್ದು ಬೇರೆಯೇ ಇತ್ತು. ಗೋವಾದಲ್ಲಿ 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ನಡೆಯಿತು. ಅದರ ಅರಮನೆ ಈ ಇಗರ್ಜಿಯ ಎದುರಿನ ಚೌಕದಲ್ಲಿಯೇ ಇತ್ತು, ಶಿಕ್ಷೆಯನ್ನು ಸಾರುವ ದಿನಗಳಲ್ಲಿ ಈ ಗಂಟೆಯನ್ನೇ ಬಾರಿಸುತ್ತಿದ್ದರೆಂದು ಹೇಳುತ್ತಾರೆ. ಆ ಅರಮನೆಯ ಗುರುತು ಈಗ ಇಲ್ಲ. ಅಲ್ಲಿ ಹುಲ್ಲು ಬೆಳೆದಿದೆ. ಇಂಪಾದ ನಾದಕ್ಕೆ ಹೆಸರಾದ ಗಂಟೆಗೆ ಅಂಥ ನೆನಪೂ ಅಂಟಿಕೊಂಡಿದೆ ಎಂಬುದನ್ನು ತಿಳಿದು ಒಳಗೆ ಹೋಗುವುದಕ್ಕೂ ತಿಳಿಯದೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಒಳಗೆ ಕಾಲಿಟ್ಟೊಡನೆ ಹೊರಗಿನ ಸೆಖೆ ಹಿಂದೆ ಉಳಿಯಿತು. ಆಯಿ ಯಾರೂ ಹೇಳದಿದ್ದರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದರು. ಇಲ್ಲಿ ಬಿಡಬೇಕಿಲ್ಲವೆಂದು ಅಕ್ಕೋರು ಹೇಳಿದರೂ ಕೇಳಲಿಲ್ಲ. ಹೊರಗಿನ ಸರಳ ಬಿಳುಪಿಗೂ ಒಳಗಿನ ಚಿನ್ನದ ಲೇಪಕ್ಕೂ ಇರುವ ಅಂತರವನ್ನು ಕಣ್ಣು ಒಪ್ಪಿಕೊಳ್ಳಲು ಕೆಲವು ನಿಮಿಷ ಬೇಕು. ನಡುವೆ ಎತ್ತರದ ಕಮಾನುಗಳ ದೊಡ್ಡ ಅಂಕಣ, ಎರಡೂ ಬದಿಗೆ ಓಣಿಗಳು, ಅವುಗಳ ಆಚೆ ಚಿಕ್ಕ ಪ್ರಾರ್ಥನಾ ಕೋಣೆಗಳಾದ ಒಟ್ಟು ಎಂಟು ಚಾಪೆಲ್‌ಗಳು. ಬಲಿಪೀಠಗಳ ಸಂಖ್ಯೆ ಹದಿನೈದು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಪ್ರಧಾನ ಬಲಿಪೀಠಕ್ಕೆ. ಈ ಇಗರ್ಜಿ ಅಲೆಕ್ಸಾಂಡ್ರಿಯಾದ ಸಂತ ಕ್ಯಾಥರೀನಳಿಗೆ ಅರ್ಪಿತವಾದದ್ದು, ಏಕೆಂದರೆ ಪೋರ್ಚುಗೀಸ್ ಸೇನಾನಿ ಅಫೊನ್ಸೊ ದೆ ಅಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಈ ನಗರವನ್ನು ಗೆದ್ದುಕೊಂಡ 1510ರ ನವೆಂಬರ್ 25 ಅವಳ ಹಬ್ಬದ ದಿನವಾಗಿತ್ತು. ಅವಳ ಬದುಕು ಮತ್ತು ಬಲಿದಾನದ ಕಥೆಯನ್ನು ಬಲಿಪೀಠದ ಹಿಂದಿನ ಚಿನ್ನದ ಲೇಪದ ಬೃಹತ್ ಮರಗೆತ್ತನೆಯ ಫಲಕಗಳಲ್ಲಿ ಕೆತ್ತಿದ್ದಾರೆ. ದೊರೆಯ ಪಂಡಿತರನ್ನು ವಾದದಲ್ಲಿ ಸೋಲಿಸಿದವಳು, ಅವಳನ್ನು ಕೊಲ್ಲಲು ತಂದ ಮೊಳೆಗಳ ಚಕ್ರ ಮುರಿದುಹೋಯಿತು, ಕೊನೆಗೆ ಶಿರಚ್ಛೇದ ಮಾಡಿದರು ಎಂದು ಅಕ್ಕೋರು ಮೆಲ್ಲಗೆ ಕೊಂಕಣಿಯಲ್ಲಿ ಹೇಳುತ್ತ ಹೋದರು. ಆಯಿ ಹರಿಕಥೆ ಕೇಳುವವರಂತೆ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕುಳಿತಿದ್ದರು. ಗೆದ್ದವರು ತಮ್ಮ ಗೆಲುವಿನ ಗುರುತಿಗೆಂದು ಕಟ್ಟಿದ ಮನೆಯ ನಟ್ಟನಡುವೆ, ಅಧಿಕಾರಕ್ಕೆ ಬಗ್ಗದೆ ತನ್ನ ನಂಬಿಕೆಗಾಗಿ ಪ್ರಾಣಕೊಟ್ಟ ಹೆಣ್ಣುಮಗಳೊಬ್ಬಳ ಕಥೆ ಇರುವುದನ್ನು ಹಿಂದಿನ ಮೂರು ಭೇಟಿಗಳಲ್ಲಿ ನಾನು ಗಮನಿಸಿಯೇ ಇರಲಿಲ್ಲ. ಫಲಕಗಳು ಎತ್ತರದಲ್ಲಿರುವುದರಿಂದ ಚಿಕ್ಕ ದುರ್ಬೀನು ಇದ್ದರೆ ಜೊತೆಗೆ ಒಯ್ಯಬೇಕೆಂದು ಸೂಚಿಸುತ್ತೇನೆ.

ಚಾಪೆಲ್‌ಗಳಲ್ಲಿ ಪವಾಡದ ಶಿಲುಬೆಯದ್ದು ಹೆಚ್ಚು ಜನ ನಿಲ್ಲುವ ಜಾಗ. 1619ರಲ್ಲಿ ಈ ಶಿಲುಬೆಯ ಮೇಲೆ ಕ್ರಿಸ್ತನ ದರ್ಶನವಾಯಿತೆಂಬುದು ಪರಂಪರೆಯ ನಂಬಿಕೆ. ಶಿಲುಬೆ ಬೆಳೆಯುತ್ತಿದೆ ಎಂದೂ ಭಕ್ತರು ಹೇಳುತ್ತಾರೆ. ಅದನ್ನು ಮುಟ್ಟಿ ಪ್ರಾರ್ಥಿಸುತ್ತಿದ್ದವರಿಗೆ ಅಡ್ಡಿಯಾಗಬಾರದೆಂದು ನಾವು ದೂರವೇ ನಿಂತೆವು. ಬಾಗಿಲ ಹತ್ತಿರದ ಜ್ಞಾನಸ್ನಾನದ ತೊಟ್ಟಿ ಕಟ್ಟಡಕ್ಕಿಂತ ಹಳೆಯದು, 1532ರದ್ದು. ಫ್ರಾನ್ಸಿಸ್ ಕ್ಸೇವಿಯರರು ಅದನ್ನು ಬಳಸಿದ್ದರೆಂದು ಪ್ರತೀತಿ.

ಅಕ್ಕೋರಿಗೆ ಮಾತ್ರ ಬೇರೆಯೇ ಒಂದು ವಿಷಯ ಮನಸ್ಸಿಗೆ ನಾಟಿತ್ತು. ಪೋರ್ಚುಗೀಸಿನ 'ಸೇ' ಎಂದರೆ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಪೀಠ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ರಚನೆಯಾಯಿತು, ಬೆಳಗಾವಿಯದು 1953ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯ ಇಗರ್ಜಿಗಳು ಗೋವಾದ ಮಹಾಧರ್ಮಾಧ್ಯಕ್ಷರ ಅಧೀನದಲ್ಲಿದ್ದವು. "ನನ್ನ ಅಜ್ಜಿಯ ಕಾಲಕ್ಕೆ ನಮ್ಮ ಪೀಠ ಇದೇ" ಎಂದು ಅವರು ಹೇಳಿದಾಗ, ಪ್ರವಾಸಿಗಳ ಪಟ್ಟಿಯಲ್ಲಿ ಬರಿಯ ಸ್ಮಾರಕವಾಗಿರುವ ಈ ಕಟ್ಟಡವನ್ನು ನಮ್ಮ ಜಿಲ್ಲೆಯವರು ನೋಡಬೇಕಾದ ಬಗೆಯೇ ಬೇರೆ ಎನ್ನಿಸಿತು. ಇಲ್ಲಿ ಇಂದಿಗೂ ಕೊಂಕಣಿಯಲ್ಲಿ ಬಲಿಪೂಜೆ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬ ವೃದ್ಧೆ ಜಪಮಾಲೆ ಹಿಡಿದು ದನಿಯೆತ್ತಿ ಪ್ರಾರ್ಥಿಸುತ್ತಿದ್ದರು. ಆಯಿಗೆ ಅದರ ಪ್ರತಿ ಮಾತೂ ಅರ್ಥವಾಯಿತು.

ಹೋಗುವವರಿಗೆ ಕೆಲವು ಮಾತು. ಪ್ರವೇಶಕ್ಕೆ ನಮ್ಮಿಂದ ಯಾರೂ ಹಣ ಕೇಳಲಿಲ್ಲ. ತೋಳಿಲ್ಲದ ಅಂಗಿ, ಮೊಣಕಾಲು ಮುಚ್ಚದ ಚಡ್ಡಿ ಧರಿಸಿ ಹೋಗಬಾರದು. ಇದು ನಡೆಯುತ್ತಿರುವ ಪೂಜಾಸ್ಥಳ, ಪ್ರಾರ್ಥಿಸುವವರ ಎದುರು ಫೋಟೋಗೆ ನಿಲ್ಲುವುದೂ ಸಲ್ಲದು. ಹನ್ನೊಂದರ ನಂತರ ಜನ ಹೆಚ್ಚುತ್ತಾರೆ, ಪಿಸುಮಾತೂ ಕಮಾನುಗಳಲ್ಲಿ ದೊಡ್ಡ ಗದ್ದಲವಾಗುತ್ತದೆ. ಬೆಳಿಗ್ಗೆಯೇ ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ವಿವರಿಸುವವರು ಸಿಗುವರೆಂಬ ಭರವಸೆ ಇಟ್ಟುಕೊಳ್ಳದೆ ಮೊದಲೇ ಓದಿಕೊಂಡು ಹೋಗಬೇಕು. ಡಿಸೆಂಬರ್ 3ರ ಕ್ಸೇವಿಯರರ ಹಬ್ಬ ಮತ್ತು ಅದರ ಹಿಂದಿನ ನೊವೆನಾದ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಯ, ದಿನಗಳಲ್ಲಿ ಭಕ್ತಿಗಾಗಿ ಹೋಗುವವರು ಹೋಗಲಿ. ಕಟ್ಟಡ ನೋಡಲು ಅದು ತಕ್ಕ ಸಮಯವಲ್ಲ.

ಸೇಯ ಪಕ್ಕದಲ್ಲೇ ಇರುವ ಸಂತ ಫ್ರಾನ್ಸಿಸ್ ಅಸ್ಸಿಸಿಯ ಹಳೆಯ ಮಠದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ, ಶುಕ್ರವಾರ ರಜೆ. ಪೋರ್ಚುಗೀಸ್ ವೈಸರಾಯರ ಸಾಲುಸಾಲು ಚಿತ್ರಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕದಂಬರ ಕಾಲದ ವೀರಗಲ್ಲುಗಳು. ಶಿರಸಿ ತಾಲೂಕಿನ ಬನವಾಸಿಯ ಕದಂಬರದೇ ಹೆಸರು ಹೊತ್ತ ಗೋವಾ ಕದಂಬರು ಆಳಿದ ನೆಲ ಇದು. ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ಕದಂಬ ಎಂದೇ ಬರೆದಿದೆ. ನಮ್ಮ ಹಳ್ಳಿಗಳ ಕೆರೆಯ ದಂಡೆಯಲ್ಲಿ ನಿಂತಿರುವಂಥದೇ ಕಲ್ಲುಗಳನ್ನು ಇಗರ್ಜಿಯ ಮಠದೊಳಗೆ ಕಂಡಾಗ ಕಾಲ ಹೊರಳಿದ ಬಗೆ ಕಣ್ಣಿಗೆ ಕಟ್ಟಿತು.

ಬಾಮ್ ಜೀಸಸ್ ಬಗ್ಗೆ ಎಲ್ಲರಿಗೂ ತಿಳಿದಿದೆ; ನಾವೂ ಹೋದೆವು, ಸಾಲಿನಲ್ಲಿ ನಿಂತೆವು. ಹತ್ತು ವರ್ಷಕ್ಕೊಮ್ಮೆ ಕ್ಸೇವಿಯರರ ಪಾರ್ಥಿವ ಶರೀರವನ್ನು ಅಲ್ಲಿಂದ ಸೇ ಕೆಥೆಡ್ರಲ್‌ಗೆ ತಂದು ಸಾರ್ವಜನಿಕ ದರ್ಶನಕ್ಕಿಡುತ್ತಾರೆ. ಕಳೆದ ಸಲ, 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನಕ್ಕೆ ಅಕ್ಕೋರು ಬಂದಿದ್ದರು. ಆಗ ಜನಸಂದಣಿಯಲ್ಲಿ ಶರೀರದ ಮುಂದೆ ಹಾದುಹೋಗಲು ಸಿಕ್ಕ ಕ್ಷಣವೇ ದೊಡ್ಡದಾಗಿತ್ತಂತೆ. ಇಗರ್ಜಿಯ ಚಾವಣಿಯತ್ತ ತಲೆಯೆತ್ತಿಯೂ ನೋಡಿರಲಿಲ್ಲ. ಈ ಸಲದ ಪ್ರವಾಸ ಹೊರಟದ್ದೇ ಅವರ ಆ ಕೊರಗಿನಿಂದ.

ಊಟವನ್ನು ಹಳೆ ಗೋವಾದಲ್ಲಿ ಮಾಡದೆ ಫೋಂಡಾದಲ್ಲಿ ಮಾಡಿದರೆ ಒಳ್ಳೆಯದು; ಆಯಿಗೆ ಸಸ್ಯಾಹಾರವೇ ಬೇಕಿತ್ತು, ಅದು ಅಲ್ಲಿ ಸುಲಭವಾಗಿ ಸಿಕ್ಕಿತು. ಕಾರು ಇಲ್ಲದವರು ಕಾರವಾರದಿಂದ ಪಣಜಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಳೆ ಗೋವಾದ ಬಸ್ಸು ಹತ್ತಬಹುದು, ಅದು 10 ಕಿಲೋಮೀಟರ್ ದಾರಿ. ಕೊಂಕಣ ರೈಲ್ವೆಯಲ್ಲಾದರೆ ಕರಮಳಿ ನಿಲ್ದಾಣ ಹತ್ತಿರ. ಸಂಜೆ ಆರೂವರೆಗೆ ನಾವು ಮನೆ ಸೇರಿದೆವು. ಚಿನ್ನದ ಗಂಟೆಯ ದನಿ ಮಾತ್ರ ನಮಗೆ ಕೇಳಿಸಲಿಲ್ಲ. ಮಳೆಗಾಲ ಮುಗಿದ ಮೇಲೆ, ಸಂಜೆಯವರೆಗೂ ಅಲ್ಲಿಯೇ ಉಳಿಯುವಂತೆ ಇನ್ನೊಮ್ಮೆ ಹೋಗೋಣವೆಂದು ಆಯಿಯೇ ಅಕ್ಕೋರಿಗೆ ಹೇಳಿದ್ದಾರೆ.