ಕಾರಿನ ಹೊಟ್ಟೆಗೆ ಶೀಟ್ ಹೊಡೆಸೋ ಮುಂಚೆ ಇದನ್ನೊಮ್ಮೆ ಓದಿ

ಮೈಲೇಜ್ ಆಸೆಗೆ ಕಾರಿನ ಕೆಳಗೆ ಎಸಿಪಿ ಶೀಟ್ (ಅಂಗಡಿ ಬೋರ್ಡಿಗೆ ಹಾಕುವ ಅಲ್ಯೂಮಿನಿಯಂ-ಪ್ಲಾಸ್ಟಿಕ್ ಹಾಳೆ) ಹೊಡೆಸಬೇಕು ಅಂತಿದ್ದೀರಾ? ದಯವಿಟ್ಟು ಬೇಡ. ನಾನು ಹೊಡೆಸಿ ಅನುಭವಿಸಿದ್ದೇನೆ.

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವವನು. ಹೋಗಿ ಬರೋಕೆ ಹತ್ತಿರ ಹತ್ತಿರ 140 ಕಿಲೋಮೀಟರ್. ತಿಂಗಳ ಕೊನೆಗೆ ಪೆಟ್ರೋಲ್ ಲೆಕ್ಕ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಹೀಗಿರುವಾಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಕಾರಿನ ಅಡಿಭಾಗ ಉಬ್ಬುತಗ್ಗಾಗಿರುತ್ತದೆ, ಸೈಲೆನ್ಸರ್ ಪೈಪು, ಸಸ್ಪೆನ್ಶನ್, ಟ್ಯಾಂಕು ಎಲ್ಲಕ್ಕೂ ಗಾಳಿ ಬಡಿದು ಸುಳಿಯುತ್ತದೆ, ಅದನ್ನು ಸಪಾಟಾಗಿ ಮುಚ್ಚಿದರೆ ಗಾಳಿ ಜಾರಿಕೊಂಡು ಹೋಗಿ ಪೆಟ್ರೋಲ್ ಉಳಿಯುತ್ತದೆ ಅಂತ. ಮಾತೇನೂ ಸುಳ್ಳಲ್ಲ. ಕಂಪನಿಗಳೇ ಎಷ್ಟೋ ಕಾರಿಗೆ ಕೆಳಗೆ ಕವರ್ ಹಾಕಿ ಕಳಿಸುತ್ತವೆ. ಆದರೆ ಎಲ್ಲಿ ಮುಚ್ಚಬೇಕು, ಬಿಸಿ ಹೊರಗೆ ಹೋಗೋಕೆ ಎಲ್ಲಿ ಜಾಗ ಬಿಡಬೇಕು ಅಂತ ಅವರು ಲೆಕ್ಕ ಹಾಕಿರುತ್ತಾರೆ. ನಾನು ಅಂಗಡಿ ಬೋರ್ಡ್ ಮಾಡುವವರ ಹತ್ತಿರ ಮಿಕ್ಕಿದ್ದ ಶೀಟ್ ತಂದು, ಪರಿಚಯದ ಗ್ಯಾರೇಜಿನಲ್ಲಿ ಮುಂದಿನ ಬಂಪರಿನಿಂದ ಹಿಂದಿನ ಸೀಟಿನವರೆಗೆ ಸ್ಕ್ರೂ ಹೊಡೆಸಿದೆ. ಕೂಲಿ ಸೇರಿ 3,800 ರೂಪಾಯಿ.

ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್. ಸಾಮಾನ್ಯವಾಗಿ ಪಾಲಿಥೀನ್. ನೀರು ಕುದಿಯುವ ಬಿಸಿಗಿಂತ ಸ್ವಲ್ಪ ಮೇಲೆ ಹೋದರೆ ಸಾಕು, ಅದು ಕರಗುತ್ತದೆ. ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಗಾಡಿ ಓಡುವಾಗ 400 ಡಿಗ್ರಿ ದಾಟುತ್ತದೆ. ಎರಡನ್ನೂ ಒಂದರ ಪಕ್ಕ ಒಂದು ಇಡಬಾರದು ಅಂತ ನನಗೂ ಹೊಳೆಯಲಿಲ್ಲ, ಗ್ಯಾರೇಜಿನವನಿಗೂ ಹೊಳೆಯಲಿಲ್ಲ.

ಮೂರನೇ ವಾರ, ಸಂಜೆ ವಾಪಸ್ ಬರುವಾಗ ಡಾಬಸ್‌ಪೇಟೆ ಹತ್ತಿರ ಸುಟ್ಟ ವಾಸನೆ. ಮುಂದಿನ ಲಾರಿಯ ಕ್ಲಚ್ ಇರಬೇಕು ಅಂದುಕೊಂಡು ಸುಮ್ನೆ ಓಡಿಸಿದೆ. ಎರಡು ನಿಮಿಷಕ್ಕೆ ಕೆಳಗಿಂದ ಪಟಪಟ ಸದ್ದು, ಆಮೇಲೆ ತಗಡಿನ ಡಬ್ಬ ಎಳೆದುಕೊಂಡು ಹೋದ ಹಾಗೆ ಕರಕರ. ಶೀಟಿನ ಮುಂದಿನ ಅಂಚು ಸ್ಕ್ರೂ ಕಿತ್ತುಕೊಂಡಿತ್ತು, ಆ ಸಂದಿಯಲ್ಲಿ ಗಾಳಿ ನುಗ್ಗಿ ಇಡೀ ಶೀಟು ಕೆಳಕ್ಕೆ ಮಡಚಿ ರಸ್ತೆಗೆ ಉಜ್ಜುತ್ತಿತ್ತು. ಬ್ರೇಕ್ ಹಾಕುವಷ್ಟರಲ್ಲಿ ಮೊರದಷ್ಟು ಅಗಲದ ತುಂಡು ಹಿಂದಕ್ಕೆ ಹಾರಿತು. ಹಿಂದೆ ಒಬ್ಬ ಹುಡುಗ ಬೈಕಲ್ಲಿ ಬರುತ್ತಿದ್ದ. ಹೇಗೋ ತಪ್ಪಿಸಿಕೊಂಡ. ಪಕ್ಕಕ್ಕೆ ಬಂದು, "ಕಾರ್ ಕೆಳಗೆ ಏನ್ ಕಟ್ಕೊಂಡಿದ್ದೀರ್ರೀ, ಸಾಯಿಸ್ತೀರಾ?" ಅಂತ ಬೈದ. ಬೈಸಿಕೊಂಡೆ. ಇನ್ನೇನು ಹೇಳೋದು.

ಸರ್ವಿಸ್ ರೋಡಲ್ಲಿ ನಿಲ್ಲಿಸಿ ಬಗ್ಗಿ ನೋಡಿದರೆ ಕರಗಿದ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಪೈಪಿಗೆ ಎಳೆ ಎಳೆಯಾಗಿ ಅಂಟಿಕೊಂಡಿತ್ತು. ಅವಸರಕ್ಕೆ ಕೈ ಹಾಕಿ ಎರಡು ಬೆರಳು ಸುಟ್ಟುಕೊಂಡೆ. ಮಾರನೇ ದಿನ ಬೇರೆ ಮೆಕ್ಯಾನಿಕ್ ಉಳಿದಿದ್ದನ್ನು ಬಿಚ್ಚಿದಾಗ ಇನ್ನೊಂದು ಕಥೆ: ಶೀಟಿನ ಮೇಲೆ ಅರ್ಧ ಬಕೆಟ್ ಮಣ್ಣು, ಒಣ ಹುಲ್ಲು, ಅದರ ಮೇಲೆ ಎಂಜಿನ್‌ನಿಂದ ಜಿನುಗಿದ ಆಯಿಲ್. "ಸಾರ್, ಬೆಂಕಿ ಹತ್ತಲಿಲ್ಲವಲ್ಲ, ನಿಮ್ಮ ಪುಣ್ಯ" ಅಂದ. ಆಯಿಲ್ ಸೋರುತ್ತಿದ್ದದ್ದು ಶೀಟ್ ಅಡ್ಡ ಇದ್ದ ಕಾರಣ ನನಗೆ ಗೊತ್ತೇ ಆಗಿರಲಿಲ್ಲ.

ಇಷ್ಟಕ್ಕೂ ಮೈಲೇಜ್? ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕಿದ್ದೆ, 15.8 ಇದ್ದದ್ದು 16.1 ಆಗಿತ್ತು. ನೆಲಮಂಗಲದಲ್ಲಿ ಒಂದು ದಿನ ಟ್ರಾಫಿಕ್ ಕಮ್ಮಿ ಇದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಪೆಟ್ರೋಲ್ ಉಳಿಸೋಕೆ ಬೇರೆ ದಾರಿ ಇದೆ. ಗಾಳಿಯ ತಡೆ ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರುತ್ತದೆ. 100ರ ಬದಲು 80ರಲ್ಲಿ ಹೋದರೆ ತಡೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ, ಪೈಸೆ ಖರ್ಚಿಲ್ಲ. ಕಂಪನಿ ಕೊಟ್ಟ ಕೆಳಗಿನ ಕವರ್ ಒಡೆದಿದ್ದರೆ ಅದನ್ನೇ ಹೊಸದು ಹಾಕಿಸಿ.

ನಗಬೇಡಿ, ಇಷ್ಟೂ ದಿನ ನನ್ನ ಕಾರಿನ ತಲೆ ಮೇಲೆ ಖಾಲಿ ಕ್ಯಾರಿಯರ್ ಇತ್ತು. ಎರಡು ವರ್ಷದ ಹಿಂದೆ ಮನೆ ಬದಲಿಸುವಾಗ ಹಾಕಿಸಿದ್ದು. ಗಾಳಿಗೆ ಎದೆ ಕೊಟ್ಟು ನಿಂತಿತ್ತು, ಕೆಳಗೆ ನಾನು ಶೀಟ್ ಹೊಡೆಸುತ್ತಿದ್ದೆ. ಮೊನ್ನೆ ಭಾನುವಾರ ಸ್ಪ್ಯಾನರ್ ತಗೊಂಡು ಬಿಚ್ಚಿಟ್ಟೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.