ಹಳೆ ಕಂಪ್ಯೂಟರಿನ ಹೋಮ್ ಸರ್ವರ್‌ಗೆ ಡೆಬಿಯನ್: 10ರಿಂದ 13ರವರೆಗೆ ಬಳಸಿ ನೋಡಿದ್ದು

ಮೊದಲು ಮೆಷಿನ್ ಬಗ್ಗೆ ಹೇಳಿಬಿಡುತ್ತೇನೆ. ಕೋರ್ 2 ಡ್ಯುಯೊ ಪ್ರೊಸೆಸರ್, 4 ಜಿಬಿ ರ‍್ಯಾಮ್. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಕೆಲಸವೂ ದೊಡ್ಡದೇನಲ್ಲ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ಸಾಂಬಾದಲ್ಲಿ ಮನೆಯವರ ಫೈಲು, ಫೋಟೊ. ರಾತ್ರಿ ಆರ್‌ಸಿಂಕ್ ಬ್ಯಾಕಪ್. ಜಾಹೀರಾತು ತಡೆಯಲು ಪೈ-ಹೋಲ್. ಓಎಸ್ ಡೆಬಿಯನ್, ಅಂದರೆ ಒಂದು ಉಚಿತ ಲಿನಕ್ಸ್. ಅದರ 10ನೇ ಆವೃತ್ತಿ ಇದ್ದಾಗ ಹಾಕಿದ್ದು. ಒಮ್ಮೆಯೂ ಫಾರ್ಮ್ಯಾಟ್ ಮಾಡದೆ ಈಗ 13ಕ್ಕೆ ಬಂದಿದ್ದೇನೆ.

ಹಳೆ ಮೆಷಿನ್ ಅಂದ ಕೂಡಲೇ ಎಲ್ಲರೂ "ಯಾವ ಓಎಸ್ ಹಗುರ?" ಎಂದು ಕೇಳುತ್ತಾರೆ. ನಾನು ಅದಕ್ಕಿಂತ ಜಾಸ್ತಿ ನೋಡಿದ್ದು ಎರಡು ವಿಷಯ. ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಮುಂದಿನ ಆವೃತ್ತಿಗೆ ಹೋಗುವಾಗ ಇದ್ದದ್ದನ್ನೆಲ್ಲ ಅಳಿಸಬೇಕಾ? ಮೂಲೆಯಲ್ಲಿ ಕೂತ ಪೆಟ್ಟಿಗೆಯನ್ನು ವಾರ ವಾರ ವಿಚಾರಿಸಿಕೊಳ್ಳುವ ಪುರುಸೊತ್ತು ಯಾರಿಗಿದೆ?

ಈ ಲೆಕ್ಕದಲ್ಲಿ ಕೆಲವು ತಾವಾಗಿಯೇ ಬಿದ್ದುಹೋಗುತ್ತವೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಬೇಕು, ಈ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಫೈಲ್ ಸರ್ವರ್‌ಗೆಂದೇ ಇರುವ ಟ್ರೂನಾಸ್ ಒಳ್ಳೆಯದೇ, ಆದರೆ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ಸೆಂಟ್‌ಓಎಸ್ 8 ಎಂಬ ಲಿನಕ್ಸ್‌ನ ಕಥೆ ಗೊತ್ತಲ್ವಾ? 2029ರವರೆಗೆ ಇರುತ್ತದೆ ಎಂದು ನಂಬಿದ್ದವರಿಗೆ 2021ರ ಕೊನೆಗೇ ಬಾಗಿಲು ಮುಚ್ಚಿತು. ಉಬುಂಟು ಸರ್ವರ್‌ನ ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ ಇರುವ ಆವೃತ್ತಿ) ಹಾಕಿದ್ದರೂ ನಡೆಯುತ್ತಿತ್ತು, ಐದು ವರ್ಷ ಅಲ್ಲೂ ಸಿಗುತ್ತದೆ. ನನಗೆ ಅದರ ಸ್ನ್ಯಾಪ್ ಎಂಬ ಪ್ಯಾಕೇಜ್ ವ್ಯವಸ್ಥೆ ಬೇಡವಾಗಿತ್ತು, ಅಷ್ಟೇ. ಡೆಬಿಯನ್‌ನಲ್ಲಿ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲೆ ಎರಡು ವರ್ಷ ಎಲ್‌ಟಿಎಸ್. ಸುಮಾರು ಎರಡು ವರ್ಷಕ್ಕೊಂದು ಹೊಸ ಆವೃತ್ತಿ ಬರುವುದರಿಂದ ಅವಸರ ಬೀಳುವುದಿಲ್ಲ.

ಇನ್‌ಸ್ಟಾಲ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಡೆಸ್ಕ್‌ಟಾಪ್‌ನ ಟಿಕ್ ತೆಗೆದು, ದೂರದಿಂದಲೇ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಸರ್ವರ್‌ಗೆ ಟಿಕ್ ಹಾಕಿದರೆ ಸಾಕು. ಸುಮ್ಮನೆ ಕೂತಿರುವಾಗ ಬರೀ ಓಎಸ್ ತಿನ್ನುವ ರ‍್ಯಾಮ್ ತೀರಾ ಕಡಿಮೆ. ಮುಂಚೆ ಕೆಲವು ನೆಟ್‌ವರ್ಕ್ ಕಾರ್ಡ್‌ಗಳಿಗೆ ಫರ್ಮ್‌ವೇರ್ (ಕಾರ್ಡ್ ಒಳಗೆ ಓಡುವ ಸಣ್ಣ ಸಾಫ್ಟ್‌ವೇರ್) ಬೇರೆ ತಂದು ಕೊಡಬೇಕಿತ್ತು. 12ರಿಂದ ಅದು ಇನ್‌ಸ್ಟಾಲರ್ ಒಳಗೇ ಬರುತ್ತದೆ.

ಡೆಬಿಯನ್ ನಿಜವಾಗಿ ಗೆಲ್ಲುವುದು ಅಪ್‌ಗ್ರೇಡ್‌ನಲ್ಲಿ. ಆದರೆ ಕಣ್ಣು ಮುಚ್ಚಿ ಮಾಡುವ ಕೆಲಸ ಅಲ್ಲ. ಒಂದು ಮೆಟ್ಟಿಲು ಹಾರುವಂತಿಲ್ಲ, 11ರಿಂದ ನೇರ 13ಕ್ಕೆ ಹೋಗಲು ಆಗುವುದಿಲ್ಲ. ಪ್ರತಿ ಸಲವೂ ಒಂದಲ್ಲ ಒಂದು ಸಣ್ಣ ತಿರುವು ಇದ್ದೇ ಇರುತ್ತದೆ. 11ಕ್ಕೆ ಹೋಗುವಾಗ, ಸಾಫ್ಟ್‌ವೇರ್ ಎಲ್ಲಿಂದ ತರಬೇಕೆಂದು ಬರೆದಿರುವ ಸೋರ್ಸಸ್ ಲಿಸ್ಟ್‌ನಲ್ಲಿ ಸೆಕ್ಯುರಿಟಿ ಸಾಲಿನ ರೂಪವೇ ಬದಲಾಯಿತು. ಬರೀ ಆವೃತ್ತಿಯ ಹೆಸರು ತಿದ್ದಿದರೆ ಸೆಕ್ಯುರಿಟಿ ಅಪ್‌ಡೇಟ್ ಸಿಗುವುದಿಲ್ಲ. 12ರಲ್ಲಿ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗ ಬಂತು, ಅದನ್ನು ಆ ಲಿಸ್ಟ್‌ಗೆ ಸೇರಿಸಿಕೊಳ್ಳಬೇಕು. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಟೆಂಪ್ ಫೋಲ್ಡರ್ ಡಿಸ್ಕ್ ಬಿಟ್ಟು ರ‍್ಯಾಮ್‌ಗೆ ಹೋಯಿತು. ಅರ್ಧ ರ‍್ಯಾಮ್‌ವರೆಗೂ ಅದು ಬೆಳೆಯಬಹುದು. 32 ಜಿಬಿ ಇರುವವರಿಗೆ ಇದು ಲೆಕ್ಕಕ್ಕೇ ಇಲ್ಲ. ನಮ್ಮಂಥ 4 ಜಿಬಿಯವರಿಗೆ ಮಾತ್ರ ತಲೆನೋವು. ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಆ ಮೌಂಟನ್ನು (ಟೆಂಪ್‌ನ ಜೋಡಣೆಯನ್ನು) ಮಾಸ್ಕ್ ಮಾಡಿ, ಅಂದರೆ ತಡೆದು, ರೀಬೂಟ್ ಮಾಡಿದರೆ ಮತ್ತೆ ಡಿಸ್ಕ್‌ಗೇ ಬರುತ್ತದೆ. ಇದೆಲ್ಲ ಅವರ ರಿಲೀಸ್ ನೋಟ್ಸ್‌ನಲ್ಲಿ ಬರೆದಿರುತ್ತದೆ. ಉದ್ದ ಇದೆ, ಆದರೂ ಓದಿ. ಕೆಲವೊಮ್ಮೆ ನೆಟ್‌ವರ್ಕ್ ಕಾರ್ಡ್‌ನ ಹೆಸರೇ ಬದಲಾಗಬಹುದು, ಆಗ ಎಸ್‌ಎಸ್‌ಎಚ್ ಸಿಗುವುದಿಲ್ಲ. ಆವತ್ತೊಂದು ದಿನ ಮಾನಿಟರ್, ಕೀಬೋರ್ಡ್ ಹತ್ತಿರ ಇಟ್ಟುಕೊಳ್ಳಿ.

ಯಾವ ಓಎಸ್ ಹಾಕಿದರೂ ತಪ್ಪದ ಕೆಲಸಗಳೂ ಇವೆ. ಹಳೆ ಬೋರ್ಡ್‌ನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಆಗ ಎಚ್‌ಟಿಟಿಪಿಎಸ್ ಸರ್ಟಿಫಿಕೇಟುಗಳೆಲ್ಲ ತಪ್ಪು ಎಂದು ತೋರಿಸುತ್ತದೆ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಇದ್ದರೆ ಹಾಕಿಬಿಡಿ. ಯುಎಸ್‌ಬಿ ಡಿಸ್ಕ್ ಇದ್ದರೆ, ಬೂಟ್ ಆಗುವಾಗ ಜೋಡಿಸುವ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಫೇಲ್' ಸೇರಿಸಲೇಬೇಕು. ಇಲ್ಲದಿದ್ದರೆ ಆ ಡಿಸ್ಕ್ ಸಿಗದ ದಿನ ಬೂಟ್ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಮಾನಿಟರ್ ಇಲ್ಲದ ಪೆಟ್ಟಿಗೆಯಲ್ಲಿ ಏನಾಯಿತು ಎಂದು ತಿಳಿಯುವುದೇ ಇಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗ ಕೊಟ್ಟ ಭಾಗ) ಏರುತ್ತಿದೆಯಾ ಎಂದು ನೋಡುತ್ತಿರಿ. ಏರುತ್ತಿದ್ದರೆ ಡಿಸ್ಕ್ ಬದಲಿಸಿ, ಯೋಚನೆ ಮಾಡಬೇಡಿ.

ಬೇಸರದ ವಿಷಯಗಳು? ಸಾಫ್ಟ್‌ವೇರ್ ಹಳೆಯ ಆವೃತ್ತಿಯಲ್ಲೇ ನಿಂತಿರುತ್ತದೆ. ಫೈಲ್ ಸರ್ವರ್‌ಗೆ ಅದರಿಂದ ತೊಂದರೆಯಿಲ್ಲ. 32 ಬಿಟ್ ಮೆಷಿನ್ ಇರುವವರಿಗೆ 13ರ ಇನ್‌ಸ್ಟಾಲರ್ ಇಲ್ಲ. ಅವರು 12ರಲ್ಲೇ 2028ರ ಜೂನ್‌ವರೆಗೆ ತಳ್ಳಬಹುದು. ಇನ್ನು ವಿದ್ಯುತ್. ಹಳೆ ಡೆಸ್ಕ್‌ಟಾಪ್ ಸುಮ್ನೆ ಕೂತೇ 60 ವ್ಯಾಟ್ ಎಳೆದರೂ ವರ್ಷಕ್ಕೆ 525 ಯೂನಿಟ್ ಆಯಿತು. ಇದನ್ನು ಯಾವ ಓಎಸ್ ಕೂಡ ಸರಿಮಾಡುವುದಿಲ್ಲ. ದಿನವಿಡೀ ಬೇಡದವರು ರಾತ್ರಿ ಆಫ್ ಮಾಡಿ.

ಕಮಾಂಡ್ ಲೈನ್ ಬೇಡವೇ ಬೇಡ ಎನ್ನುವವರಿಗೆ ಓಪನ್‌ಮೀಡಿಯಾವಾಲ್ಟ್ ಇದೆ. ಅದೂ ಡೆಬಿಯನ್ ಮೇಲೆಯೇ ಕಟ್ಟಿದ್ದು, ಎಲ್ಲವನ್ನೂ ಬ್ರೌಸರ್‌ನಲ್ಲೇ ಮಾಡಬಹುದು. ಒಂದೇ ಎಚ್ಚರಿಕೆ, ಅದರ ಇನ್‌ಸ್ಟಾಲರ್ ತನಗೆ ಕೊಟ್ಟ ಡಿಸ್ಕನ್ನು ಪೂರ್ತಿ ಬಳಸಿಕೊಳ್ಳುತ್ತದೆ. ಅದಕ್ಕೊಂದು ಸಣ್ಣ ಎಸ್‌ಎಸ್‌ಡಿ ಕೊಡಿ. ಇನ್‌ಸ್ಟಾಲ್ ಮುಗಿಯುವವರೆಗೆ ಫೋಟೊ ಇರುವ ಡಿಸ್ಕಿನ ಕೇಬಲ್ ಕಿತ್ತಿಟ್ಟಿರಿ.