ಕಾಲಿಂಚಿನ ಫೂಟ್ ತಗೊಂಡ್ಮೇಲೆ ನನ್ನ ನಕ್ಷತ್ರಕ್ಕೆ ತುದಿ ಬಂತು

ಮನೇಲಿ ಕ್ವಿಲ್ಟ್, ಅಂದ್ರೆ ತುಂಡು ಬಟ್ಟೆ ಜೋಡಿಸಿ ಮಾಡೋ ಹೊದಿಕೆ, ಹೊಲಿಯೋಕೆ ಶುರು ಮಾಡಿರೋರು ಯಾರಾದ್ರೂ ಇದ್ರೆ ಇದನ್ನ ಓದ್ಲೇಬೇಕು ಅಂತ ಬರೀತಿದೀನಿ. ನಾನು ಹೇಳ್ತಿರೋದು 220 ರೂಪಾಯಿದು ಒಂದು ಸಣ್ಣ ಸಾಮಾನಿನ ಬಗ್ಗೆ, ಹೊಲಿಗೆ ಮಿಷನ್‌ಗೆ ಹಾಕೋ ಕಾಲಿಂಚಿನ ಫೂಟು (ಸೂಜಿ ಹತ್ರ ಬಟ್ಟೆನ ಒತ್ತಿ ಹಿಡಿಯೋ ಭಾಗ), ಬಲಗಡೆ ಅಂಚಲ್ಲಿ ತೆಳ್ಳಗೆ ಒಂದು ಸ್ಟೀಲ್ ಪಟ್ಟಿ ಕೆಳಗಿಳಿದಿರತ್ತೆ ನೋಡಿ, ಆ ಥರದ್ದು. ಬಟ್ಟೆ ಅಂಚನ್ನ ಆ ಪಟ್ಟಿಗೆ ತಾಗಿಸ್ಕೊಂಡು ಓಡಿಸಿದ್ರೆ ಹೊಲಿಗೆ ಅಂಚಿಂದ ಸರಿಯಾಗಿ ಕಾಲಿಂಚು ಒಳಗೆ ಬೀಳತ್ತೆ, ಅಂದ್ರೆ 6.35 ಮಿಲಿಮೀಟರ್.

ನಾನು ಹೊಲೀತಿರೋದು ಸಾಟೂತ್ ಸ್ಟಾರ್. ಅಮೆರಿಕದಲ್ಲಿ 19ನೇ ಶತಮಾನದಿಂದ ಹೊಲ್ಕೊಂಡು ಬಂದಿರೋ ಹಳೇ ಡಿಸೈನು, ನಡುವೆ ಒಂದು ದೊಡ್ಡ ಚೌಕ, ಸುತ್ತ ಗರಗಸದ ಹಲ್ಲಿನ ಥರ ಎಂಟು ತುದಿ, ನೋಡೋಕೆ ನಮ್ಮ ರಂಗೋಲಿ ನಕ್ಷತ್ರನೇ. ಕ್ವಿಲ್ಟಿನ ಇಂಥ ಒಂದೊಂದು ಚೌಕಕ್ಕೆ ಬ್ಲಾಕ್ ಅಂತಾರೆ. 12 ಇಂಚಿನ ಬ್ಲಾಕ್‌ಗೆ ನಡುವಿನ ಚೌಕ 6½ ಇಂಚು ಒಂದು, ಮೂಲೆಗೆ 3½ ಇಂಚಿನ ಚೌಕ ನಾಲ್ಕು, ಹಿನ್ನೆಲೆ ಬಟ್ಟೇಲಿ 3½ಕ್ಕೆ 6½ರ ತುಂಡು ನಾಲ್ಕು, ನಕ್ಷತ್ರದ ಹಲ್ಲಿಗೆ 3½ ಇಂಚಿನ ಚೌಕ ಎಂಟು. ಉದ್ದ ತುಂಡಿನ ಮೇಲೆ ಚೌಕ ಇಟ್ಟು ಮೂಲೆಯಿಂದ ಮೂಲೆಗೆ ಹೊಲಿದು, ಮಿಕ್ಕಿದ್ದು ಕತ್ತರಿಸಿ, ಮಡಚಿ ಇಸ್ತ್ರಿ ಮಾಡೋದು, ಅಷ್ಟೇ. ಎಲ್ಲಾ ಜೋಡಿಸಿದ್ಮೇಲೆ ಬ್ಲಾಕ್ 12½ ಇಂಚು ಬರ್ಬೇಕು, ಪಕ್ಕದ ಬ್ಲಾಕ್ ಜೊತೆ ಹೊಲಿದಾಗ ಸುತ್ತಲಿನ ಕಾಲಿಂಚು ಮಾರ್ಜಿನ್ ಒಳಗೆ ಹೋಗಿ 12 ಉಳಿಯತ್ತೆ.

ನಂದು 12 ಬರ್ತಿತ್ತು. ಪ್ರತಿ ಸಲ. ನಕ್ಷತ್ರದ ತುದಿ ಒಂದೂ ಚೂಪಾಗಿರ್ತಿರ್ಲಿಲ್ಲ, ಯಾರೋ ಕತ್ತರಿಸಿದ ಹಾಗೆ ಮೊಂಡಾಗಿರ್ತಿತ್ತು. ನಾನು ಕತ್ತರಿ ಸರಿ ಇಲ್ಲ ಅಂದ್ಕೊಂಡು ರೋಟರಿ ಕಟರ್ ತಗೊಂಡೆ, ಮ್ಯಾಟ್ ತಗೊಂಡೆ, 24 ಇಂಚಿನ ಅಕ್ರಿಲಿಕ್ ಸ್ಕೇಲ್ ತಗೊಂಡೆ, ಎರಡೂವರೆ ಸಾವಿರ ಖರ್ಚಾಯ್ತು, ಕಟಿಂಗ್ ನೀಟಾಯ್ತು ನಿಜ ಆದ್ರೆ ಬ್ಲಾಕ್ ಮತ್ತೆ 12 ಇಂಚೇ.

ಆಮೇಲೆ ಒಂದು ಟೆಸ್ಟ್ ಮಾಡ್ದೆ, ಇದನ್ನ ನೀವೂ ಇವತ್ತೇ ಮಾಡಿ ನೋಡಿ. ಒಂದೂವರೆ ಇಂಚು ಅಗಲದ ಮೂರು ಬಟ್ಟೆ ಪಟ್ಟಿ ಕತ್ತರಿಸಿ ಪಕ್ಕಪಕ್ಕ ಹೊಲಿದು ಇಸ್ತ್ರಿ ಹಾಕಿ, ನಡುವಿನ ಪಟ್ಟಿ ಅಳೀರಿ, ಕರೆಕ್ಟಾಗಿ ಒಂದಿಂಚು ಇರ್ಬೇಕು. ನಂದು ಮುಕ್ಕಾಲು ಇಂಚಿತ್ತು! ಅಂದ್ರೆ ಮಿಷನ್ ಜೊತೆ ಬಂದಿದ್ದ ಮಾಮೂಲಿ ಜಿಗ್‌ಜಾಗ್ ಫೂಟಿನ ಅಂಚು ನೋಡ್ಕೊಂಡು ಹೊಲೀತಿದ್ನಲ್ಲ, ಅದು ಕಾಲಿಂಚಲ್ಲ, ⅜ ಇಂಚು. ಒಂದು ಹೊಲಿಗೆಗೆ ಎರಡೂ ಕಡೆಯಿಂದ ⅛ ಜಾಸ್ತಿ ತಿಂದ್ರೆ ಕಾಲಿಂಚು ಹೋಯ್ತು, ಒಂದು ಸಾಲಲ್ಲಿ ಎರಡು ಜೋಡಣೆ, ಅರ್ಧ ಇಂಚು ಮಾಯ. ತ್ರಿಕೋನದ ತುದಿ ಬಟ್ಟೆ ಅಂಚಿಂದ ಕಾಲಿಂಚು ಒಳಗೇ ಇರೋದು, ಹೊಲಿಗೆ ಅದಕ್ಕಿಂತ ಒಳಗೆ ಹೋದ್ರೆ ತುದಿ ಒಳಗೆ ಸೇರ್ಕೊಳತ್ತೆ, ಅದೇ ಆಗಿದ್ದು.

ನಮ್ಮಜ್ಜಿ ರಾಣೆಬೆನ್ನೂರು ಕಡೆಯವರು, ಕೌದಿ ಹೊಲಿಯೋರು, ಯಾವತ್ತೂ ಟೇಪ್ ಹಿಡಿದಿದ್ದು ನಾನು ನೋಡಿಲ್ಲ. ಅವರ ಹಳೇ ಇಳಕಲ್ ಸೀರೆ ತುಂಡುಗಳು ಒಂದರ ಪಕ್ಕ ಒಂದು ಎಷ್ಟು ಚೆನ್ನಾಗಿ ಕೂತಿರ್ತಿದ್ವು ಅಂತ ಯೋಚಿಸಿ ನನಗೆ ಬೇಜಾರೇ ಆಗಿತ್ತು, ಆಮೇಲೆ ಗೊತ್ತಾಯ್ತು ಕೆಲಸದ ರೀತಿನೇ ಬೇರೆ ಅಂತ. ಕೌದೀಲಿ ತುಂಡನ್ನ ಅಂಚು ಮಡಚಿ ಮೇಲೆ ಇಟ್ಟು ಎಲ್ಲಾ ಪದರನೂ ಸೇರಿಸಿ ಕೈಹೊಲಿಗೆ ಹಾಕ್ಕೊಂಡು ಹೋಗೋದು. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸ್ರು ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ತುಂಡು ಚೂರು ಸಣ್ಣದಾದ್ರೆ ಪಕ್ಕದ್ದನ್ನ ಸ್ವಲ್ಪ ಎಳೆದು ಇಟ್ಟರಾಯ್ತು, ಕೈ ಮತ್ತು ಕಣ್ಣು ಅಲ್ಲಲ್ಲೇ ಸರಿ ಮಾಡ್ಕೊಂಡು ಹೋಗತ್ತೆ. ಸ್ಟಾರ್ ಬ್ಲಾಕಲ್ಲಿ ಅಂಚಿಗೆ ಅಂಚು ಜೋಡಿಸೋದ್ರಿಂದ ಒಂದು ಕಡೆ ಆದ ತಪ್ಪು ಮುಂದಿನ ಜೋಡಣೆಗೆ ಸೇರ್ತಾ ಹೋಗತ್ತೆ, ಅದಕ್ಕೇ ಇಲ್ಲಿ ಮಾರ್ಜಿನ್ ಎಲ್ಲಕ್ಕಿಂತ ಮುಖ್ಯ.

ಫೂಟ್ ತಗೊಳೋ ವಿಷ್ಯಕ್ಕೆ ಬರ್ತೀನಿ. ಮೊದಲನೇದು ಆನ್‌ಲೈನಲ್ಲಿ ತರಿಸಿದೆ, ಎಲ್ಲಾ ಮಿಷನ್‌ಗೂ ಆಗತ್ತೆ ಅಂತ ಬರೆದಿದ್ರು, ನಂದಕ್ಕೆ ಕೂರ್ಲೇ ಇಲ್ಲ, ವಾಪಸ್ಸೂ ತಗೊಳ್ಲಿಲ್ಲ, 350 ಹೋಯ್ತು. ಆಮೇಲೆ ಒಂದು ಶನಿವಾರ ರಾಜಾಜಿನಗರದಿಂದ ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳಿದು ಮಿಷನ್ ಪಾರ್ಟ್ಸ್ ಮಾರೋ ಒಂದು ಪುಟ್ಟ ಅಂಗಡಿಗೆ ಹೋದೆ. ಅಲ್ಲಿದ್ದ ಯಜಮಾನ್ರು ಮೊದಲು ಕೇಳಿದ್ದೇ "ಹಳೇ ಫೂಟ್ ತಂದಿದೀರಾಮ್ಮ?" ಅಂತ. ಪುಣ್ಯಕ್ಕೆ ಬ್ಯಾಗಲ್ಲಿ ಹಾಕ್ಕೊಂಡಿದ್ದೆ. "ಲೋ ಶಾಂಕ್, ಕ್ಲಿಪ್ ಥರ ಕೂರೋದು, ಇದು ಆಗತ್ತೆ ನೋಡಿ" (ಲೋ ಶಾಂಕ್ ಅಂದ್ರೆ ಫೂಟ್ ಸಿಕ್ಕಿಸೋ ಕಂಬಿ ಗಿಡ್ಡ ಇರೋ ಮಿಷನ್) ಅಂತ ಎರಡರ ಹಿಂದಿನ ಕಡ್ಡಿ ಪಕ್ಕಪಕ್ಕ ಇಟ್ಟು ಅಳೆದು ತೋರಿಸಿ ಕೊಟ್ರು, ಆಗ್ಲಿಲ್ಲ ಅಂದ್ರೆ ವಾಪಸ್ ತಗೊಂಡ್ಬನ್ನಿ ಅಂತನೂ ಹೇಳಿದ್ರು. ಇಂಥ ಸಾಮಾನು ದಯವಿಟ್ಟು ಅಂಗಡಿಗೇ ಹೋಗಿ ತಗೊಳಿ, ಹಳೇದು ಕೈಯಲ್ಲಿ ಹಿಡ್ಕೊಂಡು ಹೋಗಿ.

ಮನೆಗೆ ಬಂದು ಅದೇ ಮೂರು ಪಟ್ಟಿ ಟೆಸ್ಟ್. ನಡುವಿಂದು ಒಂದಿಂಚಿಗೆ ಒಂದು ಕೂದಲೆಳೆ ಕಮ್ಮಿ. ಇಸ್ತ್ರೀಲಿ ಮಡಚೋ ಕಡೆ ಬಟ್ಟೆ ಸ್ವಲ್ಪ ತಿನ್ನತ್ತೆ, ಅದಕ್ಕೆ ದಪ್ಪ ದಾರ ತೆಗೆದು ತೆಳು ಕಾಟನ್ ದಾರ ಹಾಕಿದೆ, ಕತ್ತರಿಸೋ ಮುಂಚೆ ಬಟ್ಟೆಗೆ ಗಂಜಿ ಹಾಕಿದೆ, ಸರಿಹೋಯ್ತು. ಮೊದಲನೇ ಬ್ಲಾಕ್ ಹೊಲಿದು ಸ್ಕೇಲ್ ಇಟ್ಟೆ, 12½. ಎಂಟು ತುದಿನೂ ಸೂಜಿ ಮೊನೆ ಥರ! ಅಮ್ಮನ್ನ ಅಡುಗೆಮನೆಯಿಂದ ಕರ್ಕೊಂಡ್ಬಂದು ತೋರಿಸಿದೆ.

ತೊಂದರೆನೂ ಇದೆ, ಅದನ್ನೂ ಹೇಳ್ಬೇಕು. ಸೂಜಿ ಇಳಿಯೋ ತೂತು ಚಿಕ್ಕದು, ನಡುವಿನ ನೇರ ಹೊಲಿಗೆಗೆ ಮಾತ್ರ, ಮರೆತು ಜಿಗ್‌ಜಾಗ್ ಹಾಕಿದ್ರೆ ಸೂಜಿ ಫೂಟಿಗೆ ಬಡಿದು ಮುರಿಯತ್ತೆ, ನಂದು ಒಂದು ಮುರೀತು, ತುಂಡು ಕಣ್ಣಿಗೆ ಹಾರದೇ ಇದ್ದಿದ್ದು ದೊಡ್ಡದು. ಹಾಕಿದ ತಕ್ಷಣ ಕೈಯಲ್ಲಿ ಚಕ್ರ ತಿರುಗಿಸಿ ಸೂಜಿ ಸಲೀಸಾಗಿ ಇಳಿಯತ್ತಾ ನೋಡ್ಕೊಳಿ. ಇನ್ನೊಂದು, ಓರೆಯಾಗಿ ಬಟ್ಟೆ ನಡುವೆ ಹೊಲಿಯುವಾಗ ಆ ಸ್ಟೀಲ್ ಪಟ್ಟಿ ಅಡ್ಡ ಬರತ್ತೆ, ತಗಲಾಕ್ಕೊಂಡು ಬಟ್ಟೆ ಸುಕ್ಕಾಗತ್ತೆ. ನಕ್ಷತ್ರದ ಹಲ್ಲು ಹೊಲಿಯೋಕೆ ನಾನು ಹಳೇ ಫೂಟೇ ಹಾಕ್ತೀನಿ, ಅಲ್ಲಿ ಪೆನ್ಸಿಲ್ ಗೆರೆ ಮೇಲೇ ಹೋಗೋದ್ರಿಂದ ಅಳತೆ ಬೇಕಿಲ್ಲ, ಜೋಡಿಸುವಾಗ ಮಾತ್ರ ಇದು. ಪಟ್ಟಿ ಇಲ್ಲದ ಕಾಲಿಂಚಿನ ಫೂಟೂ ಸಿಗತ್ತೆ, ಕೈ ಪಳಗಿದೋರಿಗೆ ಅದೇ ಒಳ್ಳೇದು, ಹೊಸಬ್ರಿಗೆ ಪಟ್ಟಿ ಇರೋದು.

ಬಟ್ಟೆ ಬಗ್ಗೆ ಒಂದು ಮಾತು. ನಡುವಿನ ಚೌಕಕ್ಕೆ ಗುಳೇದಗುಡ್ಡದ ಖಣ ಹಾಕಿದೀನಿ, ಸುತ್ತ ಬಿಳಿ ಪಾಪ್ಲಿನ್, ತುಂಬಾನೇ ಚೆಂದ ಕಾಣತ್ತೆ, ಆದ್ರೆ ಖಣ ಅಂಚಲ್ಲಿ ಎಳೆ ಬಿಡತ್ತೆ, ಕಾಲಿಂಚು ಮಾರ್ಜಿನ್ ಇಟ್ರೆ ಹೊಲಿಗೆವರೆಗೂ ಬಿಚ್ಕೊಂಡು ಬರೋ ಭಯ, ಹಿಂದೆ ತೆಳು ಕ್ಯಾನ್ವಾಸ್ ಇಸ್ತ್ರಿ ಹಾಕಿ ಅಂಟಿಸಿ ಆಮೇಲೆ ಕತ್ತರಿಸಿ.

ಅಮ್ಮನಿಗೆ ಹೊದಿಯೋಕೆ ಅಡ್ಡಕ್ಕೆ 4, ಉದ್ದಕ್ಕೆ 5 ಅಂತ 20 ಬ್ಲಾಕ್ ಬೇಕು, 48ಕ್ಕೆ 60 ಇಂಚು. ಮೊಂಡು ತುದಿಯ ಹಳೇ ನಾಲ್ಕನ್ನ ಬಿಚ್ಚಿ ಹೊಸ ಅಳತೇಲಿ ಮತ್ತೆ ಹೊಲಿದಿದೀನಿ, ಅವೂ ಸೇರಿ ಈಗ ಒಂಬತ್ತಾಗಿವೆ.